ಇಲ್ಲದವನ ಮೇಲೆ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚಿನ ವಿಷಯದಲ್ಲಿ ನನ್ನ ಮಾತನ್ನು ಕಣ್ಣುಮುಚ್ಚಿ ನಂಬಬಹುದು. ಬೇರೆ ಯಾವ ವಿದ್ಯೆಯೂ ನನಗೆ ಸರಿಯಾಗಿ ಹತ್ತಲಿಲ್ಲ, ಇದೊಂದರಲ್ಲಿ ಪಳಗಿದ್ದೇನೆ. ಅಣ್ಣ ಮದುವೆಯಾಗಿ ಅತ್ತಿಗೆಯನ್ನು ಮನೆಗೆ ಕರೆತಂದ ದಿನ ಶುರುವಾದದ್ದು ಅದು. ಅಲ್ಲಿಯವರೆಗೆ ಅವನು ಕೆಲಸದಿಂದ ಬಂದವನೇ ಮಹಡಿ ಹತ್ತಿ, ನನ್ನ ಕೋಣೆಯ ಬಾಗಿಲಿಗೆ ಒರಗಿ ನಿಂತು, ದಿನದ ಸುದ್ದಿಯನ್ನೆಲ್ಲ ಹೇಳಿ ಹೋಗುತ್ತಿದ್ದ. ಆಮೇಲೆ ನೇರ ಅಡುಗೆಮನೆಗೆ ನುಗ್ಗತೊಡಗಿದ. ನನ್ನ ಕೋಣೆ ಇರುವುದು ಅಡುಗೆಮನೆಯ ಮೇಲೆ. ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತ, ಕೆಳಗಿನಿಂದ ಬರುವ ಅವರಿಬ್ಬರ ನಗು ಕೇಳುತ್ತ, ಹಲ್ಲು ಕಡಿಯುತ್ತಿದ್ದೆ. ಹಾಗಾಗಿ ಎಷ್ಟೋ ವರ್ಷಗಳ ಮೇಲೆ ಅಣ್ಣನ ಮುಖದಲ್ಲಿ ಅದೇ ಉರಿ ಕಂಡಾಗ ಗುರುತು ಹಿಡಿಯಲು ನನಗೆ ಹೊತ್ತು ಬೇಕಾಗಲಿಲ್ಲ. ಆಶ್ಚರ್ಯವಾದದ್ದು ಬೇರೆಯದಕ್ಕೆ. ಅವನಿಗೆ ಹೊಟ್ಟೆಕಿಚ್ಚಿದ್ದದ್ದು ದೇವರ ಮೇಲೆ, ಅಣ್ಣನೋ ಶುದ್ಧ ನಾಸ್ತಿಕ.

ಅಣ್ಣ ಲಿಫ್ಟ್ ಮೆಕ್ಯಾನಿಕ್. ಹಳೆಯ ಕಟ್ಟಡಗಳ ನೆತ್ತಿಯ ಮೇಲೆ ಒಂದು ಪುಟ್ಟ ಕೋಣೆ ಇರುತ್ತದೆ. ಜನ ಅದನ್ನು ನೀರಿನ ಟ್ಯಾಂಕಿನ ಕೋಣೆ ಅಂದುಕೊಂಡಿರುತ್ತಾರೆ. ಲಿಫ್ಟಿನ ಮೋಟಾರು, ಉಕ್ಕಿನ ಹಗ್ಗ ಓಡುವ ದೊಡ್ಡ ಗಾಲಿ, ಗೋಡೆಯ ಮೇಲೆ ಸ್ವಿಚ್ಚು ತಂತಿಗಳು ತುಂಬಿದ ಕಬ್ಬಿಣದ ಪೆಟ್ಟಿಗೆ, ಎಲ್ಲ ಇರುವುದು ಅಲ್ಲಿ. ಅಣ್ಣನ ಅರ್ಧ ಆಯುಸ್ಸು ಇಂಥ ಕೋಣೆಗಳಲ್ಲೇ ಕಳೆದಿದೆ. ಅವನ ಅಂಗಿಯ ತೋಳಿನಿಂದ ಗ್ರೀಸಿನ ಕಲೆ ಪೂರ್ತಿ ಹೋದದ್ದನ್ನು ನಾನು ಕಂಡಿಲ್ಲ. "ಅಷ್ಟು ಮೇಲೆ ಕೂತು ಕೆಲಸ ಮಾಡ್ತೀಯಲ್ಲ, ಒಂದು ದಿನವಾದ್ರೂ ದೇವರು ಸಿಕ್ಕಿಲ್ವಾ?" ಎಂದು ಜೊತೆಯವರು ಕೆಣಕಿದರೆ, "ಸಿಕ್ಕಿದ್ದ. ಲಿಫ್ಟ್ ಕೆಟ್ಟಿದೆ ಅಂದೆ, ಗೊಣಗಿಕೊಂಡು ಮೆಟ್ಟಿಲಿಳಿದು ಹೋದ" ಅನ್ನುತ್ತಿದ್ದ.

ಅವನು ನಾಸ್ತಿಕನಾದದ್ದು ಪುಸ್ತಕ ಓದಿ ಅಲ್ಲ, ನಮ್ಮಪ್ಪನಿಂದ. ಅಪ್ಪನಿಗೆ ಮೂಗಿನ ತುದಿಯಲ್ಲಿ ಕೋಪ, ಕೈ ಅದಕ್ಕಿಂತ ಮುಂದೆ. ಒಂದು ಸಲ ಅಮ್ಮನನ್ನು ತಳ್ಳಿದ ರಭಸಕ್ಕೆ ಅವಳ ಮಣಿಕಟ್ಟು ಮುರಿಯಿತು. ಅಪ್ಪ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಗೊಳೋ ಎಂದು ಅತ್ತ. "ದೇವರೇ, ನನ್ನ ಕೈಯಿಂದ ಯಾಕಪ್ಪಾ ಇದನ್ನ ಮಾಡಿಸಿದೆ?" ಎಂದ. ಅಲ್ಲಿದ್ದವರಿಗೆಲ್ಲ ಅಪ್ಪನ ಮೇಲೇ ಅಯ್ಯೋ ಅನಿಸಿಬಿಟ್ಟಿತು. ಒಬ್ಬ ನರ್ಸು ಬಂದು ಅವನ ಬೆನ್ನು ಸವರಿದಳು. ಅಣ್ಣ ಆಗ ಚಡ್ಡಿ ಹಾಕುವ ಹುಡುಗ. "ಕೈ ನಿಂದೇ ಅಲ್ವಾ ಅಪ್ಪಾ?" ಎಂದು ಕೇಳಿದ. ಕೇಳಿದ್ದಕ್ಕೆ ಕಪಾಳಕ್ಕೊಂದು ಬಿತ್ತು. ಆ ಏಟನ್ನು ಯಾರು ಹೊಡೆಸಿದರೆಂದು ಅಪ್ಪ ಹೇಳಲಿಲ್ಲ.

ಅಂದಿನಿಂದ ದೇವರ ಮೇಲೆ ಯಾರಾದರೂ ತಪ್ಪು ಹೊರಿಸಿದರೆ ಅಣ್ಣನಿಗೆ ಸಹಿಸಲಾಗುತ್ತಿರಲಿಲ್ಲ. ಎಲ್ಲೋ ಯುದ್ಧ ನಡೆದು ಮಕ್ಕಳು ಸತ್ತರೆ, ಕಳಪೆ ಸಿಮೆಂಟಿನ ಸೇತುವೆ ಕುಸಿದರೆ, ಕೇಳಿದವರು ಸಹಜವಾಗಿ "ದೇವರು ಹೀಗ್ಯಾಕೆ ಮಾಡಿದ" ಅನ್ನುತ್ತಾರೆ. ಅಣ್ಣ ಅವರ ಮೈಮೇಲೆ ಬೀಳುತ್ತಿದ್ದ. "ಇಲ್ಲದವನ ತಲೆಗೆ ಯಾಕೆ ಕಟ್ತೀರಿ? ಸಿಮೆಂಟಿಗೆ ಜಾಸ್ತಿ ಮರಳು ಬೆರೆಸಿದೋನ ಹೆಸರು ಹೇಳಿ. ಬಾಂಬು ಹಾಕಿ ಅಂದೋನ ಹೆಸರು ಹೇಳಿ." ದೇವರಿಗೆ ಇಂಥ ವಕೀಲ ಭಕ್ತರಲ್ಲೂ ಸಿಗಲಿಕ್ಕಿಲ್ಲ ಎಂದು ಅತ್ತಿಗೆ ನಗುತ್ತಿದ್ದಳು. ಅತ್ತಿಗೆ ಆಗ ನಮ್ಮ ನಿಮ್ಮ ಹಾಗೆ ಇದ್ದವಳು. ಕಷ್ಟ ಬಂದಾಗ ದೇವರೇ ಅನ್ನುವುದು, ಕಷ್ಟ ಕಳೆದ ಮೇಲೆ ಮರೆತುಬಿಡುವುದು.

ಅಣ್ಣನ ಜೊತೆ ಕೆಲಸ ಮಾಡುತ್ತಿದ್ದವನನ್ನು ಎಲ್ಲರೂ ಎಣ್ಣೆಡಬ್ಬಿ ಅಂತಲೇ ಕರೆಯುತ್ತಿದ್ದರು. ಬಾಗಿಲು ಕಿರುಗುಟ್ಟಿದರೂ ಎಣ್ಣೆ, ಮೋಟಾರು ಮುಲುಗಿದರೂ ಎಣ್ಣೆ, ಮನುಷ್ಯರು ಜಗಳಕ್ಕೆ ನಿಂತರೆ ನಡುವೆ ಹೋಗಿ ಅಲ್ಲೂ ಎಣ್ಣೆ. ಯಾರಿಗೂ ಇಲ್ಲ ಅನ್ನಲಾರದ ಮನುಷ್ಯ. ಅಣ್ಣನಿಗಿಂತ ಚಿಕ್ಕವನು, ಮಹಾ ದೈವಭಕ್ತ. ಊಟದ ಹೊತ್ತಿನಲ್ಲಿ ಇಬ್ಬರೂ ಒಂದೇ ಡಬ್ಬಿಯಲ್ಲಿ ಕೈಹಾಕಿ ತಿನ್ನುತ್ತ ದೇವರು ಇದ್ದಾನೆ, ಇಲ್ಲ ಎಂದು ಕಿತ್ತಾಡುತ್ತಿದ್ದರು. ಊಟ ಮುಗಿಯುವ ಹೊತ್ತಿಗೆ ವಾದವೂ ಮುಗಿಯುತ್ತಿತ್ತು.

ಅವರ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ಅದನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ. ಪ್ರತಿ ಮಹಡಿಯಲ್ಲೂ ಲಿಫ್ಟಿನ ಬಾಗಿಲಿಗೆ ಒಂದು ಬೀಗ ಇರುತ್ತದೆ. ಲಿಫ್ಟ್ ಆ ಮಹಡಿಯಲ್ಲಿ ಇಲ್ಲದಾಗ ಬಾಗಿಲು ತೆರೆಯದ ಹಾಗೆ ಹಿಡಿಯುವುದು ಅದು. ಎಲ್ಲ ಬೀಗಗಳೂ ಸರಿಯಾಗಿ ಕೂತರೆ ಮಾತ್ರ ಲಿಫ್ಟ್ ಅಲ್ಲಾಡುತ್ತದೆ, ಒಂದು ಕೆಟ್ಟರೂ ನಿಂತುಬಿಡುತ್ತದೆ. ಯಾವುದು ಕೆಟ್ಟಿದೆ ಎಂದು ಹುಡುಕುವಾಗ ಮೆಕ್ಯಾನಿಕ್ ಮೇಲಿನ ಕೋಣೆಯ ಪೆಟ್ಟಿಗೆಯಲ್ಲಿ ಒಂದು ಗೇಣುದ್ದದ ತಂತಿ ಸಿಕ್ಕಿಸುತ್ತಾನೆ. ಆಗ ಬೀಗ ಕೂರದಿದ್ದರೂ ಕೂತಿದೆ ಎಂದು ಲಿಫ್ಟ್ ನಂಬಿ ಓಡುತ್ತದೆ. ಕೆಲಸ ಮುಗಿದ ತಕ್ಷಣ ಆ ತಂತಿ ತೆಗೆಯಬೇಕು, ಹಾಕಿದವನೇ ತೆಗೆಯಬೇಕು. ಇನ್ನೊಬ್ಬ ಹಾಕಿದ ತಂತಿಯನ್ನು ಮುಟ್ಟುವ ಹಾಗಿಲ್ಲ. ಹಾಕಿದವನು ಆ ಗಳಿಗೆಯಲ್ಲಿ ಲಿಫ್ಟಿನ ತಲೆಯ ಮೇಲೆ ನಿಂತು ಬೀಗದೊಳಗೆ ಬೆರಳಿಟ್ಟಿರಬಹುದು. ಉಪಕಾರವೆಂದು ಯಾರೋ ತಂತಿ ಕಿತ್ತು, ಲಿಫ್ಟ್ ಧಡಕ್ಕನೆ ನಿಂತು, ಒಬ್ಬನ ಬೆರಳು ಹೋಗಿತ್ತಂತೆ, ಅಂದಿನಿಂದ ಬಂದ ಪದ್ಧತಿ. ಹೊಸಬರಿಗೆ ಅಣ್ಣ ಮೊದಲು ಕಲಿಸುತ್ತಿದ್ದದ್ದೇ ಇದನ್ನು, ಅದೂ ಕಣ್ಣು ಕೆಂಪಗೆ ಮಾಡಿಕೊಂಡು.

ಅಣ್ಣ ಅತ್ತಿಗೆಗೆ ಒಬ್ಬಳೇ ಮಗಳು. ನಾವು ಮರಿ ಅನ್ನುತ್ತಿದ್ದೆವು. ಓದು ಮುಗಿಸಿ, ಹಳೆಯ ಕಟ್ಟಡವೊಂದರ ಐದನೆಯ ಮಹಡಿಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದಳು. ಆ ಕಟ್ಟಡದ ಲಿಫ್ಟು ಎಣ್ಣೆಡಬ್ಬಿಯ ಪಾಲಿನದು. ಐದನೆಯ ಮಹಡಿಯ ಬೀಗವೇ ಸವೆದು ಹೋಗಿತ್ತು. ಹೊಸದು ಬರಲು ಕೆಲವು ದಿನ ಬೇಕು, ಅಲ್ಲಿಯವರೆಗೆ ಲಿಫ್ಟ್ ನಿಲ್ಲಿಸಬೇಕು. ಕಟ್ಟಡದ ಮ್ಯಾನೇಜರ್ ಎಣ್ಣೆಡಬ್ಬಿಯ ಬೆನ್ನು ಬಿದ್ದ. ಯಾರೋ ದೊಡ್ಡವರು ಬರುವವರಿದ್ದಾರೆ, ಅವರನ್ನು ಮೆಟ್ಟಿಲು ಹತ್ತಿಸಲೇನು, ಹೇಗಾದರೂ ಓಡಿಸು ಎಂದು ಪೀಡಿಸಿದ. ಎಣ್ಣೆಡಬ್ಬಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ತಂತಿ ಸಿಕ್ಕಿಸಿದ, ಲಿಫ್ಟ್ ಓಡಿತು, ದೊಡ್ಡವರು ಬಂದು ಹೋದರು. ತಂತಿ ಅಲ್ಲೇ ಉಳಿಯಿತು. ಮಾರನೆಯ ದಿನ ಮರಿ ಎರಡು ಕೈಯಲ್ಲೂ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು, ಮೊಣಕೈಯಿಂದ ಬಾಗಿಲು ಎಳೆದು, ಹಿಂದೆ ಹಿಂದೆ ಸರಿಯುತ್ತ ಲಿಫ್ಟಿನೊಳಗೆ ಕಾಲಿಟ್ಟಳು. ಒಳಗೆ ಲಿಫ್ಟ್ ಇರಲಿಲ್ಲ. ಅದು ನೆಲಮಹಡಿಯಲ್ಲಿತ್ತು.

ವಿಚಾರಣೆ ನಡೆಸಿದವರು ಆಕಸ್ಮಿಕ ಎಂದು ಮುಗಿಸಿದರು. ಮ್ಯಾನೇಜರ್ ಬೇರೆ ಕಟ್ಟಡಕ್ಕೆ ಹೋಗಿ ಸೇರಿಕೊಂಡ. ಎಣ್ಣೆಡಬ್ಬಿ ಕೆಲಸ ಬಿಟ್ಟು, ಗಡ್ಡ ಬಿಟ್ಟು, ಒಂದು ಸಂಜೆ ನಮ್ಮ ಮನೆಗೆ ಬಂದ. ಅಡುಗೆಮನೆಯ ಬಾಗಿಲಲ್ಲೇ ಕುಸಿದು ಕೂತು, "ಅಕ್ಕಾ, ದೇವರು ಕರ್ಕೊಂಡುಬಿಟ್ಟ ಅಕ್ಕಾ" ಎಂದು ತಲೆ ತಲೆ ಚಚ್ಚಿಕೊಂಡ.

ಅತ್ತಿಗೆ ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು. "ನೀನು ಯಾಕಪ್ಪಾ ಅಳ್ತೀಯ? ನೀನು ಬರೀ ನೆಪ. ಮಾಡಿದ್ದೆಲ್ಲ ಅವನು. ಅವನ ಹತ್ರ ನಾನು ಮಾತಾಡ್ಕೋತೀನಿ. ನೀನು ಮನೆಗೆ ಹೋಗಿ ಊಟ ಮಾಡು."

ಅಣ್ಣ ಕುರ್ಚಿ ತಳ್ಳಿ ಎದ್ದ. "ತಂತಿ ಸಿಕ್ಕಿಸಿದ್ದು ದೇವರೇನೇ? ಮೇಲಿನ ಕೋಣೆ ಕೀಲಿ ದೇವರ ಹತ್ರ ಇತ್ತಾ?"

"ಇಡೀ ಲೋಕದ ಕೀಲಿ ಇಟ್ಕೊಂಡಿದ್ದಾನೆ ಅಂತಾರಲ್ರೀ," ಎಂದಳು ಅತ್ತಿಗೆ. "ಅದೊಂದು ಇರ್ಲಿಲ್ವಾ?"

ಎಣ್ಣೆಡಬ್ಬಿ ಬರುವಾಗ ಕುಗ್ಗಿ ಬಂದಿದ್ದವನು ಹೋಗುವಾಗ ಬೆನ್ನು ನೆಟ್ಟಗೆ ಮಾಡಿಕೊಂಡು ಹೋದ. ಅಣ್ಣ ಅವನು ಹೋದ ದಾರಿಯನ್ನೇ ನುಂಗುವ ಹಾಗೆ ನೋಡುತ್ತ ನಿಂತಿದ್ದ. ಆಗ ನಾನು ಅದನ್ನು ಬರೀ ಸಿಟ್ಟು ಅಂದುಕೊಂಡೆ.

ಅತ್ತಿಗೆ ಕೊಟ್ಟ ಮಾತಿನ ಹಾಗೇ ಮಾರನೆಯ ದಿನದಿಂದ ದೇವರ ಜೊತೆ ಮಾತಿಗೆ ನಿಂತಳು. ಪಾತ್ರೆ ತೊಳೆಯುವ ತೊಟ್ಟಿಯ ಎದುರಿಗೆ ಒಂದು ಕಿಟಕಿ ಇದೆ. ಅದರಾಚೆ ಪಕ್ಕದ ಮನೆಯ ಬೋಳು ಗೋಡೆ ಬಿಟ್ಟರೆ ಬೇರೇನೂ ಕಾಣದು. ಆ ಗೋಡೆಯನ್ನು ನೋಡುತ್ತ ಶುರು ಮಾಡಿದರೆ ಮುಗಿಯಿತು, ಅವನ ಜನ್ಮ ಜಾಲಾಡುತ್ತಿದ್ದಳು. "ಏನೋ, ಮಾಡೋಕೆ ಬೇರೆ ಕೆಲಸ ಇರ್ಲಿಲ್ವಾ ನಿನಗೆ? ಒಂದು ಹೆಣ್ಣುಮಗೂನ ಹಿಡ್ಕೊಳ್ಳೋಕೆ ಆಗ್ದಿದ್ದೋನು ಅಷ್ಟು ಕೈ ಯಾಕೋ ಇಟ್ಕೊಂಡಿದ್ದೀಯ?" ಪಾತ್ರೆಯ ಸದ್ದಿನ ಜೊತೆ ಅವಳ ದನಿ ಏರುತ್ತಿತ್ತು, ಇಳಿಯುತ್ತಿತ್ತು. ಅಣ್ಣ ಹೊಸ್ತಿಲಲ್ಲಿ ನಿಂತು, "ನೋಡು, ಅವನನ್ನ ಬೈಬೇಡ, ಅವನು ಮಾಡಿಲ್ಲ, ಅವನು ಇಲ್ಲವೇ ಇಲ್ಲ" ಅನ್ನುತ್ತಿದ್ದ. "ಇಲ್ದಿದ್ರೆ ನಿಮಗೇನ್ರೀ ನೋವು?" ಎಂದು ಅವಳು ತಿರುಗಿ ಕೂಡ ನೋಡದೆ ಕೇಳುತ್ತಿದ್ದಳು.

ಬೈಗುಳ ಒಂದೇ ಆಗಿದ್ದರೆ ಅವನು ತಡೆದುಕೊಳ್ಳುತ್ತಿದ್ದನೋ ಏನೋ. ಬರಬರುತ್ತ ಅತ್ತಿಗೆ ಬೈದು ಸುಸ್ತಾದ ಮೇಲೆ ಬೇರೆ ಮಾತೂ ಆಡತೊಡಗಿದಳು. ಹಾಲು ಒಡೆದದ್ದು, ಮೊಣಕಾಲು ನೋಯುವುದು, ಎದುರು ಮನೆಯವಳು ಹೊಸ ಕೋಟು ಹಾಕಿಕೊಂಡು ಜಂಬ ಮಾಡಿದ್ದು, ಮರಿ ಚಿಕ್ಕವಳಿದ್ದಾಗ ಗುಂಡಿ ನುಂಗಿ ನಮ್ಮನ್ನೆಲ್ಲ ಕುಣಿಸಿದ್ದು, ಎಲ್ಲವೂ ಆ ಕಿಟಕಿಗೆ. ಅಣ್ಣ ಕೆಲಸದಿಂದ ಬಂದು ಮೇಜಿನ ಮುಂದೆ ಕೂತು, "ಏನು ಸಮಾಚಾರ?" ಎಂದು ಕೇಳುವ ಹೊತ್ತಿಗೆ ಹೇಳಲು ಏನೂ ಉಳಿದಿರುತ್ತಿರಲಿಲ್ಲ. "ಏನಿಲ್ಲ. ಊಟ ಬಡಿಸ್ಲಾ?" ಅಷ್ಟೇ. ಅವನ ತಟ್ಟೆಯ ಮುಂದೆ ಎಂಜಲು ಮಾತು ಕೂಡ ಬೀಳುತ್ತಿರಲಿಲ್ಲ.

ಆಗ ಅವನು ಮತ್ತೆ ಮಹಡಿ ಹತ್ತಿ ನನ್ನ ಕೋಣೆಯ ಬಾಗಿಲಿಗೆ ಬರತೊಡಗಿದ. ನನಗೆ ಹಬ್ಬ. ಆದರೆ ಬಂದವನು ಕೇಳುತ್ತಿದ್ದದ್ದು ಒಂದೇ.

"ಇವತ್ತು ತುಂಬ ಹೊತ್ತು ಮಾತಾಡಿದ್ಲಾ?"

"ಯಾರ ಜೊತೆ?" ಎಂದು ನಾನು ಬೇಕೆಂದೇ ಕೇಳುತ್ತಿದ್ದೆ.

"ಅದೇ. ಅವನ ಜೊತೆ."

"ಹೂಂ, ಮಧ್ಯಾಹ್ನ ಪೂರ್ತಿ."

"ಏನಂದ್ಲು? ಬೈದ್ಲಾ, ಸುಮ್ಮನೆ ಮಾತಾಡಿದ್ಲಾ?" ನೆಲ ನೋಡುತ್ತ, "ನಕ್ಕಳಾ?"

ಒಂದು ದಿನ ನಿಜವಾಗಿಯೂ ನಕ್ಕಿದ್ದಳು. ಮರಿ ಗುಂಡಿ ನುಂಗಿದ ಕಥೆ ಹೇಳುವಾಗ. ನಾನು ಅದನ್ನು ಹೇಳಿದೆ, ಹೇಳದೆ ಇರಬಹುದಿತ್ತು. ಅಣ್ಣನ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. "ನನ್ನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದಾಳೆ," ಎಂದ. "ಅವನು ನಿನ್ನೆ ಮೊನ್ನೆ ಬಂದೋನು."

"ಅಣ್ಣಾ, ಇಲ್ಲದವನ ಮೇಲೆ ಹೊಟ್ಟೆಕಿಚ್ಚು ಪಡೋ ನಾಸ್ತಿಕನನ್ನ ನಾನು ಬೇರೆ ಎಲ್ಲೂ ನೋಡಿಲ್ಲ."

ಅವನಿಗೆ ನಗು ಬರಲಿಲ್ಲ. ಮರುದಿನದಿಂದ ಬೂಟು ಬಿಚ್ಚಿ ಬರೀ ಕಾಲುಚೀಲದಲ್ಲಿ ಕಳ್ಳನ ಹಾಗೆ ಮನೆಯೊಳಗೆ ಬಂದು, ಮೆಟ್ಟಿಲ ಕೆಳಗೆ ಅಡಗಿ ಕಿವಿಗೊಡತೊಡಗಿದ. ಬೇರೆ ಗಂಡಸಿನ ಜೊತೆ ಹೆಂಡತಿ ಮಾತಾಡುವುದನ್ನು ಕದ್ದು ಕೇಳುವ ಗಂಡನಿಗೂ ಇವನಿಗೂ ಏನೂ ವ್ಯತ್ಯಾಸ ಇರಲಿಲ್ಲ. ಅಂಥ ಗಂಡನಿಗಾದರೂ ಹೋಗಿ ಇನ್ನೊಬ್ಬನ ಕೊರಳಪಟ್ಟಿ ಹಿಡಿಯುವ ದಾರಿ ಇರುತ್ತದೆ. ಇವನು ಯಾರ ಕೊರಳಪಟ್ಟಿ ಹಿಡಿಯಬೇಕು?

ಅವಳ ಗಮನ ಸೆಳೆಯಲು ಅವನು ಮಾಡಿದ ಆಟಗಳನ್ನು ಹೇಳಿದರೆ ನಗುತ್ತೀರಿ. ಗ್ರೀಸು ಮೆತ್ತಿದ ಬೂಟು ಹಾಕಿಕೊಂಡೇ ಒರೆಸಿದ ನೆಲದ ಮೇಲೆ ಓಡಾಡಿದ. ಅತ್ತಿಗೆ ಮಾತಿಲ್ಲದೆ ಮತ್ತೆ ಒರೆಸಿದಳು. ಒಂದು ಸಂಜೆ, ಅವಳು ಆಸೆಪಟ್ಟು ಕೊಂಡಿದ್ದ ನೀಲಿ ಹೂವಿನ ಕಪ್ಪನ್ನು ಮೇಜಿನ ಅಂಚಿಗೆ ತಳ್ಳಿ ತಳ್ಳಿ ಬೀಳಿಸಿದ. ನಾನು ಅಲ್ಲೇ ಇದ್ದೆ, ಕಣ್ಣಾರೆ ಕಂಡೆ. ಹಿಂದಿನ ಕಾಲವಾಗಿದ್ದರೆ ಅತ್ತಿಗೆ ಮನೆ ಹಾರಿಹೋಗುವ ಹಾಗೆ ಕೂಗಾಡುತ್ತಿದ್ದಳು. ಈಗ ಚೂರುಗಳನ್ನು ಗುಡಿಸಿ ಎತ್ತಿ, ಕಿಟಕಿಯ ಕಡೆ ತಿರುಗಿ, "ನೋಡಿದ್ಯಾ, ಕಪ್ಪೂ ಹೋಯ್ತು" ಎಂದಳು. ಅಣ್ಣ ಖಾಲಿ ಕೈಯನ್ನೇ ನೋಡುತ್ತ ಕೂತಿದ್ದ.

ಅವತ್ತು ಅವನು ಮಹಡಿಗೆ ಬಂದಾಗ ಬಾಗಿಲಲ್ಲಿ ನಿಲ್ಲಲಿಲ್ಲ, ಒಳಗೆ ಬಂದು ನನ್ನ ಬಟ್ಟೆಯ ರಾಶಿಯ ಮೇಲೇ ಕೂತ.

"ಅದು ನನಗೆ ಬರಬೇಕಾದ ಬೈಗುಳ ಕಣೇ," ಎಂದ. "ಪೂರ್ತಿ ನಂದು. ಅವನು ಪುಕ್ಕಟೆ ತಿಂತಿದ್ದಾನೆ."

"ಕಪ್ಪಿಗಾ?"

"ಕಪ್ಪಿಗಲ್ಲ. ಮರಿಗೆ."

ನಾನು ಯಂತ್ರದ ಚಕ್ರ ಹಿಡಿದು ನಿಲ್ಲಿಸಿದೆ. ಅವನು ನೆಲ ನೋಡುತ್ತ ಹೇಳಿದ. ಮರಿ ಬೀಳುವ ಹಿಂದಿನ ಸಂಜೆ ಅವನು ಆ ಕಟ್ಟಡಕ್ಕೆ ಹೋಗಿದ್ದ, ಎಣ್ಣೆಡಬ್ಬಿಗೆ ಕೊಟ್ಟಿದ್ದ, ನಟ್ಟು ಬಿಚ್ಚುವ ದೊಡ್ಡ ಪಾನಾ ವಾಪಸು ತರಲು. ಮೇಲಿನ ಕೋಣೆಯಲ್ಲಿ ಯಾರೂ ಇರಲಿಲ್ಲ. ಪೆಟ್ಟಿಗೆಯ ಬಾಗಿಲು ತೆರೆದಿತ್ತು, ತಂತಿ ಕಣ್ಣಿಗೆ ಹೊಡೆಯುವ ಹಾಗೆ ಸಿಕ್ಕಿಸಿತ್ತು. ಎಣ್ಣೆಡಬ್ಬಿಯ ಚೀಲ ಮೊಳೆಗೆ ನೇತಾಡುತ್ತಿತ್ತು. ಹತ್ತಿರದಲ್ಲೇ ಇದ್ದಾನೆ, ಬಂದು ತೆಗೆಯುತ್ತಾನೆ ಅಂದುಕೊಂಡ. ಪಾನಾ ಎತ್ತಿಕೊಂಡು ಬಂದುಬಿಟ್ಟ.

"ಇನ್ನೊಬ್ಬನ ತಂತಿ ಮುಟ್ಟಬಾರದು. ಮುಟ್ಟಲಿಲ್ಲ," ಎಂದ ಅಣ್ಣ. "ನಿಯಮದ ಪ್ರಕಾರ ಸರಿಯಾಗೇ ಮಾಡಿದೆ. ಆದ್ರೆ ಮೇನ್ ಸ್ವಿಚ್ ಇಳಿಸಿ ಬರಬಹುದಿತ್ತು. ಅದನ್ನ ಯಾವ ನಿಯಮವೂ ಬೇಡ ಅನ್ನಲ್ಲ. ಹೊಳೀಲೇ ಇಲ್ಲ." ವಿಚಾರಣೆಯಲ್ಲಿ ಇದನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅತ್ತಿಗೆ ಕೇಳುತ್ತಾಳೆ, ಬೈಯುತ್ತಾಳೆ, ಆಗ ಹೇಳಿಕೊಳ್ಳೋಣ ಎಂದು ಕಾದಿದ್ದ. ಅವಳು ಇವನ ಕಡೆ ತಿರುಗುವ ಮೊದಲೇ ಎಲ್ಲವನ್ನೂ ದೇವರಿಗೆ ಕೊಟ್ಟುಬಿಟ್ಟಳು. "ಎಣ್ಣೆಡಬ್ಬಿ ಅವನ ಹಿಂದೆ ಬಚ್ಚಿಟ್ಕೊಂಡ. ನನಗೆ ಬಚ್ಚಿಟ್ಕೊಳ್ಳೋಕೆ ಅವನೂ ಇಲ್ಲ. ಜೀವನಪೂರ್ತಿ ಮಾಡಿದವನ ಹೆಸರು ಹೇಳಿ ಅಂತ ಎಲ್ಲರ ಬಾಯಿ ಮುಚ್ಚಿಸಿದೆ. ಈಗ ನನ್ನ ಬಾಯಿಂದಲೇ ಹೊರಡ್ತಿಲ್ಲ."

ಅಯ್ಯೋ ಅನಿಸಿತು ನನಗೆ, ಸುಳ್ಳಲ್ಲ. ಅದರ ಜೊತೆಗೆ ಒಂದು ಖುಷಿಯೂ ಆಯಿತು, ಅದೂ ಸುಳ್ಳಲ್ಲ. ಎಷ್ಟೋ ವರ್ಷಗಳ ಮೇಲೆ ಅಣ್ಣ ಅತ್ತಿಗೆಗೆ ಹೇಳದ್ದನ್ನು ನನಗೆ ಹೇಳಿದ್ದ. "ಅತ್ತಿಗೆಗೆ ಹೇಳ್ಬೇಡ ಅಣ್ಣಾ, ಅವರು ತಡ್ಕೊಳ್ಳಲ್ಲ" ಅಂದೆ. ಅತ್ತಿಗೆ ಎಲ್ಲವನ್ನೂ ತಡೆದುಕೊಳ್ಳುವವಳು. ನನಗೆ ಆ ಗುಟ್ಟನ್ನು ಹಂಚಿಕೊಳ್ಳಲು ಮನಸ್ಸಿರಲಿಲ್ಲ, ಅಷ್ಟೇ. ಅದಾದ ಮೇಲೆ ಕೆಲವು ವಾರ ನಾನು ಅತ್ತಿಗೆಯ ಮುಂದೆ ಗತ್ತಿನಿಂದ ಓಡಾಡಿದೆ. ಅವಳು ಬೋಳು ಗೋಡೆಗೆ ಬಾಯಿ ಒಣಗಿಸಿಕೊಳ್ಳುತ್ತಿದ್ದಳು. ನನ್ನ ಹತ್ತಿರ ಅವಳಿಗೆ ಬೇಕಾದ ಉತ್ತರವೇ ಇತ್ತು.

ಒಂದು ಭಾನುವಾರ ಮಧ್ಯಾಹ್ನ ನಾವು ಮೂವರೂ ಅಡುಗೆಮನೆಯಲ್ಲೇ ಇದ್ದೆವು. ನಾನು ಗುಂಡಿ ಹಚ್ಚುತ್ತಿದ್ದೆ, ಅಣ್ಣ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಅವಳ ಪಕ್ಕ ಇರಲು ಅದೊಂದು ಹೊಸ ಉಪಾಯ. ಅತ್ತಿಗೆ ಬಾಣಲೆ ತಿಕ್ಕುತ್ತ ದೇವರ ಜೊತೆ ಶುರು ಮಾಡಿದ್ದಳು. ಮರಿ ತೀರಿಕೊಂಡ ತಿಂಗಳು ಮತ್ತೆ ಬಂದಿತ್ತು. ಅವತ್ತು ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಜೊತೆಗೆ ಆಡಿ ಬೆಳೆದವನನ್ನು ಕೇಳುವ ಹಾಗೆ ಕೇಳುತ್ತಿದ್ದಳು.

"ಒಂದೇ ಒಂದು ಹೇಳು. ಕುರುಡನಲ್ಲ ನೀನು. ಆ ಬಾಗಿಲು, ಆ ತಂತಿ, ಎಲ್ಲ ನಿನ್ನ ಕಣ್ಣಿಗೆ ಬಿದ್ದಿರ್ಬೇಕಲ್ಲ? ನೋಡಿಯೂ ಸುಮ್ಮನೆ ಹೋದೆಯಲ್ಲ? ಹೇ, ನೋಡಿಯೂ ಹೋದೆಯಾ?"

"ಹೌದು," ಎಂದ ಅಣ್ಣ. "ನೋಡಿದೆ. ಸುಮ್ಮನೆ ಹೋದೆ."

ಬಾಣಲೆ ತಿಕ್ಕುವ ಸದ್ದು ನಿಂತಿತು. ಅತ್ತಿಗೆ ತಿರುಗಲಿಲ್ಲ. ಒಂದು ಕ್ಷಣ ಅವಳ ಕುತ್ತಿಗೆಯ ಹಿಂಭಾಗವನ್ನು ನೋಡಿದರೆ, ಉತ್ತರ ಕಿಟಕಿಯಿಂದಲೇ ಬಂತು ಅಂದುಕೊಂಡಳೋ ಅನಿಸುವಂತಿತ್ತು. ಅಣ್ಣ ಚಾಕು ಕೆಳಗಿಟ್ಟು ಎಲ್ಲವನ್ನೂ ಹೇಳಿದ. ಪಾನಾ, ತೆರೆದ ಪೆಟ್ಟಿಗೆ, ಮೊಳೆಯ ಮೇಲಿನ ಚೀಲ, ಇಳಿಸದೆ ಬಂದ ಸ್ವಿಚ್ಚು. ಒಂದನ್ನೂ ಬಿಡಲಿಲ್ಲ. "ಅವನನ್ನ ಬಿಟ್ಬಿಡು," ಎಂದ ಕೊನೆಗೆ. "ನೋಡಿದ್ದು ನಾನು."

ಅತ್ತಿಗೆ ಬಾಣಲೆ ತೊಳೆದು ಬೋರಲು ಹಾಕಿದಳು. ಕೈ ಒರೆಸಿಕೊಂಡು ತನ್ನ ಕೋಣೆಗೆ ಹೋದಳು.

ಆ ದಿನದಿಂದ ಮನೆಯಲ್ಲಿ ಸದ್ದಡಗಿತು. ಅತ್ತಿಗೆ ಅಡುಗೆ ಮಾಡಿದಳು, ಬಡಿಸಿದಳು, ಪಾತ್ರೆ ತೊಳೆದಳು, ತುಟಿ ಬಿಚ್ಚಲಿಲ್ಲ. ಅಣ್ಣನಿಗೂ ಇಲ್ಲ, ನನಗೂ ಇಲ್ಲ, ಕಿಟಕಿಗೂ ಇಲ್ಲ. ಅಣ್ಣ ಮೊದಮೊದಲು ಕಾದ. ಇವತ್ತು ಬೈಯುತ್ತಾಳೆ, ನಾಳೆ ಬೈಯುತ್ತಾಳೆ ಎಂದು ಅವಳ ಹಿಂದೆ ಮುಂದೆ ಸುಳಿದ. ಬೇಕೆಂದು ಕಾದಿದ್ದ ಗೆಲುವು ಅವನಿಗೆ ಸಿಕ್ಕಿತ್ತು, ದೇವರು ಮನೆ ಬಿಟ್ಟು ಹೋಗಿದ್ದ. ಅಣ್ಣನೋ ಸೊರಗಿ ಹೋಗಿದ್ದ. ಕುತ್ತಿಗೆಯ ಮೂಳೆ ಕಾಣುತ್ತಿತ್ತು. ರೊಟ್ಟಿಯ ಚೂರನ್ನು ಬಾಯಿಗಿಟ್ಟು ನುಂಗಲು ಮರೆತು ಕೂತಿರುತ್ತಿದ್ದ. ಮಹಡಿಗೂ ಬರಲಿಲ್ಲ. ನನಗೆ ಹೇಳಲು ಇನ್ನು ಅವನ ಹತ್ತಿರ ಏನೂ ಇರಲಿಲ್ಲ.

ಒಂದು ಸಂಜೆ ನಾನು ಮೆಟ್ಟಿಲಿಳಿದು ಬರುವಾಗ ಅವನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ. ಅತ್ತಿಗೆ ತೊಟ್ಟಿಯ ಮುಂದೆ, ಬೆನ್ನು ಹಾಕಿ.

"ಒಂದು ಮಾತಾಡೇ," ಎಂದ. "ನನ್ನ ಹತ್ರ ಬೇಡ. ಅವನನ್ನಾದ್ರೂ ಬೈ. ನಾನು ಅಡ್ಡ ಬರಲ್ಲ. ಅವನು ಇಲ್ಲ ಅಂತ ಇನ್ಮೇಲೆ ಅನ್ನಲ್ಲ. ಅವನನ್ನಾದ್ರೂ ಬೈಯೇ."

ನಾನು ಅರ್ಧ ಮೆಟ್ಟಿಲಲ್ಲೇ ನಿಂತೆ. ಅಪ್ಪನ ಏಟು ತಿಂದೂ ಸೊಲ್ಲು ಬದಲಿಸದವನು, ಜೊತೆಗಾರರೆಲ್ಲ ಸೇರಿ ಕೆಣಕಿದರೂ ಜಪ್ಪಯ್ಯ ಅನ್ನದವನು, ಹೆಂಡತಿಯ ಮುಂದೆ ದೇವರನ್ನು ವಾಪಸು ಕೇಳುತ್ತ ನಿಂತಿದ್ದ.

ಅತ್ತಿಗೆ ನಲ್ಲಿ ನಿಲ್ಲಿಸಿದಳು. ತಿರುಗಿ ಅವನನ್ನು ನೋಡಿದಳು. ಮರಿ ಹೋದ ಮೇಲೆ ಅವಳು ಅವನನ್ನು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಅವನು ಮಾಡಿಲ್ಲ ಅಂದ್ರಲ್ಲ," ಎಂದಳು. "ಮಾಡದವನನ್ನ ಯಾಕ್ರೀ ಬೈಲಿ?"

ಕುರ್ಚಿ ಎಳೆದಳು. ಎದುರಿಗೆ ಇನ್ನೊಂದು ಎಳೆದಳು.

"ಕೂತ್ಕೋ."

ಅವನು ಕೂತ. ಅವಳು ಶುರು ಮಾಡಿದಳು. "ಸ್ವಿಚ್ ಇಳಿಸೋಕೆ ನಿನ್ನ ಕೈಗೆ ಏನಾಗಿತ್ತು? ಒಂದು ಫೋನ್ ಮಾಡೋಕೆ ಏನಾಗಿತ್ತು ನಿನಗೆ? ಹೋಗ್ಲಿ, ಅವತ್ತು ರಾತ್ರಿ ಅವಳು ಇಲ್ಲೇ, ಈ ಮೇಜಿನ ಮುಂದೆ, ನಿನ್ನ ಎದುರಿಗೆ ಕೂತು ಊಟ ಮಾಡಿದ್ಲು. ನಾಳೆ ಮೆಟ್ಟಿಲು ಹತ್ತು ಮರೀ ಅಂತ ಒಂದು ಮಾತು. ಒಂದು ಮಾತು ಬರ್ಲಿಲ್ವಾ ಆ ಬಾಯಲ್ಲಿ? ಇನ್ನೊಬ್ಬನ ತಂತಿಯಂತೆ! ಬಿದ್ದವಳು ಯಾರ ಮಗಳೋ?" 'ನೀವು' ಹೋಗಿ 'ನೀನು' ಬಂದಿತ್ತು, ಅದು ಅವಳಿಗೂ ತಿಳಿದಂತಿರಲಿಲ್ಲ. ಅಲ್ಲಿಂದ ಹಿಂದಕ್ಕೆ ಹೋದಳು. ಬೀಳಿಸಿದ ಕಪ್ಪು, ನೆಲದ ಮೇಲಿನ ಗ್ರೀಸು, ಮೆಟ್ಟಿಲ ಕೆಳಗೆ ಅಡಗಿ ಕೂತದ್ದು, ಎಲ್ಲವೂ ಗೊತ್ತಿತ್ತು ಅವಳಿಗೆ. ಮದುವೆಯಾದ ಹೊಸತರಲ್ಲಿ ಅವನು ಆಡಿದ ಯಾವುದೋ ಮಾತನ್ನೂ ಎತ್ತಿ ತಂದಳು. ಅಳುತ್ತ ಬೈದಳು, ಮೇಜು ಗುದ್ದಿ ಬೈದಳು, ಒಂದು ಸಲ ಎದ್ದು ಬಂದು ಅವನ ಭುಜಕ್ಕೆ ಎರಡೂ ಕೈಯಿಂದ ಹೊಡೆದು ಮತ್ತೆ ಹೋಗಿ ಕೂತಳು. ಅಣ್ಣ ತಲೆ ಬಗ್ಗಿಸಿ ಹೂಂ, ಹೂಂ ಅನ್ನುತ್ತಿದ್ದ.

ನನ್ನ ಹೊಟ್ಟೆ ಉರಿಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅವತ್ತಿನಷ್ಟು ಎಂದೂ ಉರಿದಿರಲಿಲ್ಲ. ಕೆಳಗೆ ನಗುತ್ತಿದ್ದಾಗಲೂ ಅವರಿಬ್ಬರು ನನ್ನಿಂದ ಇಷ್ಟು ದೂರ ಇರಲಿಲ್ಲ. ಮೇಲೆ ಹೋಗಬೇಕು ಅನಿಸಿತು, ಹೋಗಲಾಗಲಿಲ್ಲ, ಮೆಟ್ಟಿಲ ಮೇಲೇ ಕೂತೆ.

ಅತ್ತಿಗೆಯ ದನಿ ಬೈದು ಬೈದು ಕಟ್ಟಿಹೋಯಿತು. ಕೆಮ್ಮು ಬಂತು. ಅಣ್ಣ ಎದ್ದ.

"ಎಲ್ಲಿಗೆ?"

"ನೀರು ತರ್ತೀನಿ."

"ತಾ. ತಂದು ಕೂತ್ಕೋ. ಇನ್ನೂ ಮುಗಿದಿಲ್ಲ."

ಅಣ್ಣ ಲೋಟ ತುಂಬಿಸಿ ತಂದು ಅವಳ ಮುಂದೆ ಇಟ್ಟು ಕೂತ.